ಸಂಗೀತಗಾರ ಶೋಸ್ತಾಕೋವಿಚ್

ಮಕ್ಕಳೇ, ನೀವು ಪಿಟೀಲನ್ನು ನೋಡಿರುವಿರಿ. ಸಂಗೀತ ಕಚೇರಿಯಲ್ಲಿ ಹಾಡುವವರ ಪಕ್ಕದಲ್ಲಿ ಕುಳಿತು ಕಮಾನಿನಿಂದ ಅದನ್ನು ನುಡಿಸುತ್ತಾರೆ. ಅದು ಯುರೋಪಿನಿಂದ ನಮ್ಮ ದೇಶಕ್ಕೆ ಬಂದ ವಾದ್ಯ. ಇಂದು ಅದು ನಮ್ಮದೇ ಆಗಿದೆ. ಆದರೆ ಪಿಟೀಲಿಗೆ ಒಬ್ಬ ಅಣ್ಣನಿದ್ದಾನೆ ಎಂಬುದು ನಿಮಗೆ ಗೊತ್ತೇ? ಆ ಅಣ್ಣನ ಹೆಸರು ವಿಯೋಲಾ. ನೋಡಲು ಅದು ಪಿಟೀಲಿನಂತೆಯೇ ಇದೆ. ಗಾತ್ರದಲ್ಲಿ ಮಾತ್ರ ಸ್ವಲ್ಪ ದೊಡ್ಡದು. ಅದಕ್ಕೂ ನಾಲ್ಕು ತಂತಿಗಳು. ಅದನ್ನೂ ಕಮಾನಿನಿಂದಲೇ ನುಡಿಸುತ್ತಾರೆ. ಆದರೆ ಅದರ ತಂತಿಗಳನ್ನು ಪಿಟೀಲಿಗಿಂತ ಕೆಳಗಿನ ಶ್ರುತಿಗೆ ಸೇರಿಸಿರುತ್ತಾರೆ. ಷಡ್ಜಕ್ಕೂ ಪಂಚಮಕ್ಕೂ ಎಷ್ಟು ಅಂತರವಿದೆಯೋ ಅಷ್ಟು ಕೆಳಗೆ. ಆದ್ದರಿಂದ ಅದರ ಧ್ವನಿ ತುಸು ಗಡುಸು, ತುಸು ಗಂಭೀರ.

ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯವೃಂದಗಳಲ್ಲಿ ಹತ್ತಾರು ಜನ ಒಟ್ಟಿಗೆ ಕುಳಿತು ನುಡಿಸುತ್ತಾರೆ. ಅಲ್ಲಿ ಪಿಟೀಲಿನ ಎತ್ತರದ ಧ್ವನಿ ಎಲ್ಲರಿಗೂ ಕೇಳಿಸುತ್ತದೆ. ಕಹಳೆಯ ಧ್ವನಿ ಇನ್ನೂ ದೂರಕ್ಕೆ ಕೇಳಿಸುತ್ತದೆ. ವಿಯೋಲಾ ಮಾತ್ರ ನಡುವಿನ ಸ್ವರಗಳನ್ನು ನುಡಿಸುತ್ತಾ ಎಲ್ಲವನ್ನೂ ಜೋಡಿಸಿಕೊಂಡು ಹೋಗುತ್ತದೆ. ಅದು ಇದ್ದಾಗ ಹೆಚ್ಚಿನವರು ಗಮನಿಸುವುದಿಲ್ಲ. ಇಲ್ಲದಿದ್ದರೆ ಏನೋ ಕೊರತೆ ಇದೆಯೆಂದು ತಿಳಿಯುತ್ತದೆ.

ರಷ್ಯದ ಒಬ್ಬ ದೊಡ್ಡ ಸಂಗೀತ ರಚನಕಾರರು ತಮ್ಮ ಬಾಳಿನ ಕೊನೆಯ ಕೃತಿಯನ್ನು ಈ ವಾದ್ಯಕ್ಕಾಗಿ ಬರೆದರು. ಅದನ್ನು ಬರೆಯುವಾಗ ಅವರ ಬಲಗೈ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೃದಯವೂ ದುರ್ಬಲವಾಗಿತ್ತು. ಆದರೂ ಅವರು ಅದನ್ನು ಪೂರ್ಣಗೊಳಿಸಿದರು. ಅವರೇ ದಿಮಿತ್ರಿ ಶೋಸ್ತಾಕೋವಿಚ್. ಅವರ ಬಾಳಿನ ಕತೆಯನ್ನು ಈಗ ಓದೋಣ.

ದಿಮಿತ್ರಿ ಹುಟ್ಟಿದ್ದು 1906ನೇ ಇಸವಿ ಸೆಪ್ಟೆಂಬರ್ 25ರಂದು, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಈ ನಗರದ ಹೆಸರು ಹಲವು ಸಲ ಬದಲಾಗಿದೆ. 1914ರಲ್ಲಿ ಅದು ಪೆಟ್ರೋಗ್ರಾಡ್ ಆಯಿತು. 1924ರಲ್ಲಿ ಲೆನಿನ್‌ಗ್ರಾಡ್ ಆಯಿತು. 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಹೆಸರು ಮೂರಾದರೂ ಊರು ಒಂದೇ ಎಂಬುದನ್ನು ನೆನಪಿಡಿ.

ದಿಮಿತ್ರಿಯ ತಂದೆ ತೂಕ ಮತ್ತು ಅಳತೆಗಳ ಕಚೇರಿಯಲ್ಲಿ ನೌಕರರಾಗಿದ್ದರು. ತಾಯಿ ಸೋಫಿಯಾ ಪಿಯಾನೋ ನುಡಿಸುವುದರಲ್ಲಿ ನುರಿತವರು. ದಿಮಿತ್ರಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅವರ ಪಕ್ಕದ ಮನೆಯಲ್ಲಿ ಒಬ್ಬ ಇಂಜಿನಿಯರ್ ಇದ್ದರು. ಅವರು ಚೆಲ್ಲೋ ಎಂಬ ದೊಡ್ಡ ತಂತಿವಾದ್ಯವನ್ನು ನುಡಿಸುತ್ತಿದ್ದರು. ಆಗಾಗ ಸ್ನೇಹಿತರು ಬಂದು ಅವರೊಡನೆ ಕುಳಿತು ನುಡಿಸುವುದಿತ್ತು. ಬಾಲಕ ದಿಮಿತ್ರಿ ಮೆಲ್ಲನೆ ಹೊರಗೆ ಬಂದು, ಓಣಿಯಲ್ಲಿ ಕುಳಿತು, ಗಂಟೆಗಟ್ಟಲೆ ಆ ಸಂಗೀತವನ್ನು ಕೇಳುತ್ತಿದ್ದನು. ಹೀಗೆ ಒಂದು ಮನೆಯ ಕೋಣೆಯಲ್ಲಿ ಮೂರು ನಾಲ್ಕು ಜನ ಸೇರಿ ನುಡಿಸುವ ಸಂಗೀತವನ್ನು ಕೊಠಡಿ ಸಂಗೀತ ಎನ್ನಬಹುದು. ಅದರಲ್ಲಿ ಯಾರೂ ಪಕ್ಕವಾದ್ಯದವರಲ್ಲ. ಎಲ್ಲರೂ ಸಮಾನರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರಿಸುವ ಹಾಗೆ ಅವರು ನುಡಿಸುತ್ತಾರೆ. ಓಣಿಯಲ್ಲಿ ಕುಳಿತು ಕೇಳಿದ ಆ ಸಂಗೀತ ದಿಮಿತ್ರಿಯ ಮನಸ್ಸಿನಲ್ಲಿ ಉಳಿಯಿತು.

ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ಅವನಿಗೆ ಪಿಯಾನೋ ಪಾಠ ಆರಂಭಿಸಿದರು. ಹುಡುಗ ಬಹಳ ಬೇಗ ಕಲಿತನು. 1919ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಪೆಟ್ರೋಗ್ರಾಡಿನ ಸಂಗೀತ ಮಹಾವಿದ್ಯಾಲಯಕ್ಕೆ ಸೇರಿದನು. ಆಗ ದೇಶದಲ್ಲಿ ಕ್ರಾಂತಿ ನಡೆದು ಎರಡು ವರ್ಷಗಳಾಗಿದ್ದವು. ಎಲ್ಲೆಲ್ಲೂ ಹಸಿವು, ಚಳಿ. ಮಹಾವಿದ್ಯಾಲಯದ ಕೋಣೆಗಳನ್ನು ಬೆಚ್ಚಗಿಡಲು ಸೌದೆಯೂ ಸಾಕಷ್ಟು ಸಿಗುತ್ತಿರಲಿಲ್ಲ. ಅಲ್ಲಿನ ಮುಖ್ಯಸ್ಥರಾಗಿದ್ದ ಗ್ಲಾಜುನೋವ್ ಅವರು ಈ ಬಡಕಲು ಹುಡುಗನ ಪ್ರತಿಭೆಯನ್ನು ಗುರುತಿಸಿದರು. ಅವನಿಗೆ ಆಹಾರದ ನೆರವು ದೊರಕುವಂತೆ ಪ್ರಯತ್ನಿಸಿದರು.

1922ರಲ್ಲಿ ತಂದೆ ತೀರಿಕೊಂಡರು. ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿತ್ತು. ಮರುವರ್ಷ ದಿಮಿತ್ರಿಗೆ ಕ್ಷಯರೋಗ ತಗಲಿತು. ಚಿಕಿತ್ಸೆಗಾಗಿ ಅವನು ಕ್ರಿಮಿಯಾಕ್ಕೆ ಹೋಗಬೇಕಾಯಿತು. ಅಲ್ಲಿಂದ ಮರಳಿದ ಮೇಲೆ ಮನೆಗೆ ನೆರವಾಗಲು ಚಲನಚಿತ್ರ ಮಂದಿರದಲ್ಲಿ ಕೆಲಸಕ್ಕೆ ಸೇರಿದನು. ಅದು ಮೂಕಿ ಚಿತ್ರಗಳ ಕಾಲ. ತೆರೆಯ ಮೇಲೆ ಚಿತ್ರ ಓಡುವಾಗ ಕೆಳಗೆ ಕುಳಿತು ಅದಕ್ಕೆ ಹೊಂದುವಂತೆ ಪಿಯಾನೋ ನುಡಿಸುವುದು ಅವನ ಕೆಲಸ. ಹಗಲು ಪಾಠ, ರಾತ್ರಿ ದುಡಿಮೆ.

ಇಷ್ಟು ಕಷ್ಟದ ನಡುವೆಯೂ ಅವನು ಒಂದು ಸಿಂಫನಿಯನ್ನು ಬರೆದನು. ಸಿಂಫನಿ ಎಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ ದೀರ್ಘವಾದ ಕೃತಿ. 1926ನೇ ಇಸವಿ ಮೇ 12ರಂದು ಲೆನಿನ್‌ಗ್ರಾಡಿನಲ್ಲಿ ಅದನ್ನು ನುಡಿಸಿದರು. ಕೇಳಿದವರು ಬೆರಗಾದರು. ಅದನ್ನು ಬರೆದವನಿಗೆ ಆಗ ಹತ್ತೊಂಬತ್ತು ವರ್ಷ! ಕೆಲವೇ ವರ್ಷಗಳಲ್ಲಿ ಅವರ ಹೆಸರು ಬೇರೆ ದೇಶಗಳಲ್ಲೂ ಪ್ರಸಿದ್ಧವಾಯಿತು.

ಇಲ್ಲಿ ಒಂದು ವಿಷಯವನ್ನು ನೀವು ತಿಳಿಯಬೇಕು. ನಮ್ಮ ಸಂಗೀತದಲ್ಲಿ ಹಾಡುವವರು ವೇದಿಕೆಯಲ್ಲಿ ಕುಳಿತು ತಮ್ಮ ಕಲ್ಪನೆಯಿಂದ ರಾಗವನ್ನು ಬೆಳೆಸುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪದ್ಧತಿ ಬೇರೆ. ಅಲ್ಲಿ ರಚನಕಾರರು ಪ್ರತಿಯೊಂದು ವಾದ್ಯ ನುಡಿಸಬೇಕಾದ ಪ್ರತಿಯೊಂದು ಸ್ವರವನ್ನೂ ಮೊದಲೇ ಕಾಗದದ ಮೇಲೆ ಬರೆದಿಡುತ್ತಾರೆ. ಅದಕ್ಕೆ ಸ್ವರಲಿಪಿ ಎಂದು ಹೆಸರು. ಒಂದು ಸಿಂಫನಿಯ ಸ್ವರಲಿಪಿ ನೂರಾರು ಪುಟಗಳಷ್ಟಾಗುವುದುಂಟು. ಅದರಲ್ಲಿ ಸಾವಿರಾರು ಸಣ್ಣ ಸಣ್ಣ ಚಿಹ್ನೆಗಳು. ಎಲ್ಲವನ್ನೂ ಕೈಯಿಂದಲೇ ಬರೆಯಬೇಕು. ಆದ್ದರಿಂದ ರಚನಕಾರರಿಗೆ ಕಿವಿ ಎಷ್ಟು ಮುಖ್ಯವೋ ಬರೆಯುವ ಕೈಯೂ ಅಷ್ಟೇ ಮುಖ್ಯ. ಶೋಸ್ತಾಕೋವಿಚ್ ಅವರು ಬಹಳ ವೇಗವಾಗಿ ಬರೆಯುತ್ತಿದ್ದರು. ಕೃತಿಯನ್ನು ಮೊದಲು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಅನಂತರ ಕಾಗದಕ್ಕೆ ಇಳಿಸುತ್ತಿದ್ದರು.

ಅವರು ಸಂಗೀತವೊಂದನ್ನೇ ಬಲ್ಲವರೆಂದು ತಿಳಿಯಬೇಡಿ. ನಿಮ್ಮಲ್ಲಿ ಹಲವರಂತೆ ಅವರಿಗೂ ಫುಟ್‌ಬಾಲ್ ಹುಚ್ಚು ಬಹಳ. ತಮ್ಮ ಊರಿನ ತಂಡದ ಪಂದ್ಯಗಳನ್ನು ನೋಡಲು ಓಡುತ್ತಿದ್ದರು. ಯಾರು ಎಷ್ಟು ಗೋಲು ಹೊಡೆದರು ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು.

1936ರಲ್ಲಿ ಅವರ ಬಾಳಿನಲ್ಲಿ ದೊಡ್ಡ ಆಪತ್ತು ಬಂತು. ಆಗ ಸೋವಿಯತ್ ದೇಶವನ್ನು ಸ್ಟಾಲಿನ್ ಆಳುತ್ತಿದ್ದನು. ಶೋಸ್ತಾಕೋವಿಚ್ ಅವರ ಒಂದು ಸಂಗೀತ ನಾಟಕವು ಎರಡು ವರ್ಷಗಳಿಂದ ಯಶಸ್ವಿಯಾಗಿ ನಡೆಯುತ್ತಿತ್ತು. ಒಂದು ಸಂಜೆ ಸ್ಟಾಲಿನ್ ಅದನ್ನು ನೋಡಲು ಬಂದನು. ಅವನಿಗೆ ಅದು ಹಿಡಿಸಲಿಲ್ಲ. ಮುಗಿಯುವ ಮೊದಲೇ ಎದ್ದು ಹೋದನು. ಎರಡು ದಿನಗಳ ಅನಂತರ ಸರಕಾರದ ಪಕ್ಷದ ಪತ್ರಿಕೆಯಲ್ಲಿ ಆ ಸಂಗೀತವನ್ನು ಕಟುವಾಗಿ ಹಳಿಯುವ ಲೇಖನ ಬಂತು. ನಿನ್ನೆಯವರೆಗೆ ಹೊಗಳುತ್ತಿದ್ದವರು ಇಂದು ಮುಖ ತಿರುಗಿಸಿದರು. ಆ ದಿನಗಳಲ್ಲಿ ಅಧಿಕಾರದಲ್ಲಿರುವವರ ಕೋಪಕ್ಕೆ ಗುರಿಯಾದವರು ಸೆರೆಮನೆ ಸೇರುತ್ತಿದ್ದರು. ಅನೇಕರು ಪ್ರಾಣವನ್ನೇ ಕಳೆದುಕೊಂಡರು. ಶೋಸ್ತಾಕೋವಿಚ್ ಅವರ ಭಾವನನ್ನು ಬಂಧಿಸಿದರು. ಅಕ್ಕನನ್ನು ದೂರದ ಊರಿಗೆ ಗಡೀಪಾರು ಮಾಡಿದರು. ತಮ್ಮ ಸರದಿ ಯಾವಾಗ ಬರುವುದೋ ಎಂಬ ಭಯದಲ್ಲಿಯೇ ಅವರು ಬದುಕಬೇಕಾಯಿತು. ಬರೆದು ಮುಗಿಸಿದ್ದ ನಾಲ್ಕನೆಯ ಸಿಂಫನಿಯನ್ನು ಹಿಂದಕ್ಕೆ ಪಡೆದರು. ಅದು ಜನರ ಕಿವಿಗೆ ಬಿದ್ದದ್ದು ಇಪ್ಪತ್ತೈದು ವರ್ಷಗಳ ಅನಂತರ, 1961ರಲ್ಲಿ.

ಆದರೆ ಅವರು ಬರೆಯುವುದನ್ನು ಬಿಡಲಿಲ್ಲ. 1937ರ ನವೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ಅವರ ಐದನೆಯ ಸಿಂಫನಿಯನ್ನು ನುಡಿಸಿದಾಗ ಸಭಿಕರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಅದರ ನಿಧಾನವಾದ ಭಾಗವನ್ನು ಕೇಳುವಾಗ ಅನೇಕರು ಅತ್ತರು. ತಮ್ಮ ತಮ್ಮ ಮನೆಯ ದುಃಖವನ್ನು ಬಾಯಿಬಿಟ್ಟು ಹೇಳಲಾಗದ ಜನರಿಗೆ ಆ ಸಂಗೀತದಲ್ಲಿ ತಮ್ಮ ದುಃಖವೇ ಕೇಳಿಸಿತು.

1941ರಲ್ಲಿ ಜರ್ಮನಿಯ ಹಿಟ್ಲರನ ಸೈನ್ಯ ಸೋವಿಯತ್ ದೇಶದ ಮೇಲೆ ದಾಳಿ ಮಾಡಿತು. ಸೆಪ್ಟೆಂಬರ್ ತಿಂಗಳಲ್ಲಿ ಲೆನಿನ್‌ಗ್ರಾಡ್ ನಗರವನ್ನು ಮುತ್ತಿತು. ಶೋಸ್ತಾಕೋವಿಚ್ ಆಗ ಅಲ್ಲಿನ ಸಂಗೀತ ಮಹಾವಿದ್ಯಾಲಯದಲ್ಲಿ ಅಧ್ಯಾಪಕರು. ವಿಮಾನಗಳು ಬೆಂಕಿಯ ಬಾಂಬುಗಳನ್ನು ಎಸೆದಾಗ ಅದನ್ನು ಆರಿಸಲು ಅವರೂ ಮಹಾವಿದ್ಯಾಲಯದ ಛಾವಣಿಯ ಮೇಲೆ ಕಾವಲಿಗೆ ನಿಂತರು. ಆ ನಡುವೆಯೇ ಏಳನೆಯ ಸಿಂಫನಿಯನ್ನು ಬರೆಯತೊಡಗಿದರು. ಅಕ್ಟೋಬರಿನಲ್ಲಿ ಸರಕಾರವು ಅವರನ್ನೂ ಅವರ ಹೆಂಡತಿ ಮಕ್ಕಳನ್ನೂ ವಿಮಾನದಲ್ಲಿ ಹೊರಗೆ ಸಾಗಿಸಿತು. ಕುಯಿಬಿಶೇವ್ ಎಂಬ ಊರಿನಲ್ಲಿ ಡಿಸೆಂಬರ್ ಕೊನೆಯಲ್ಲಿ ಅವರು ಅದನ್ನು ಮುಗಿಸಿದರು.

ಇತ್ತ ಲೆನಿನ್‌ಗ್ರಾಡಿನ ಸ್ಥಿತಿಯನ್ನು ಊಹಿಸಿರಿ. ಮುತ್ತಿಗೆ 872 ದಿನಗಳ ಕಾಲ ನಡೆಯಿತು. ಮೊದಲ ಚಳಿಗಾಲದಲ್ಲಿ ಒಂದು ಸಮಯ ಮಕ್ಕಳಿಗೆ ಮತ್ತು ಅನೇಕರಿಗೆ ದಿನಕ್ಕೆ ಸಿಗುತ್ತಿದ್ದುದು 125 ಗ್ರಾಂ ರೊಟ್ಟಿ ಮಾತ್ರ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಂತಹ ನಗರಕ್ಕೆ ಏಳನೆಯ ಸಿಂಫನಿಯ ಸ್ವರಲಿಪಿಯನ್ನು ವಿಮಾನದಲ್ಲಿ ತಂದರು. ಆದರೆ ನುಡಿಸುವವರು ಎಲ್ಲಿ? ನೂರರಷ್ಟು ಜನ ಬೇಕಾಗಿದ್ದಲ್ಲಿ ಮೊದಲ ಅಭ್ಯಾಸಕ್ಕೆ ಬರಲು ಶಕ್ತಿಯಿದ್ದವರು ಹದಿನೈದು ಮಂದಿ. ಊದುವವರಿಗೆ ಉಸಿರಿರಲಿಲ್ಲ. ವಾದ್ಯವೃಂದದ ನಿರ್ದೇಶಕರಾದ ಕಾರ್ಲ್ ಎಲಿಯಾಸ್‌ಬರ್ಗ್ ಅವರೇ ನಡೆಯಲಾರದಷ್ಟು ಸೊರಗಿದ್ದರು. ಸೈನ್ಯದಲ್ಲಿ ವಾದ್ಯ ಬಲ್ಲವರನ್ನು ಕರೆಸಿದರು. ವಾದಕರಿಗೆ ಸ್ವಲ್ಪ ಹೆಚ್ಚು ಆಹಾರ ಕೊಟ್ಟರು. ಕೊನೆಗೆ 1942ನೇ ಇಸವಿ ಆಗಸ್ಟ್ 9ರಂದು ಆ ಸಿಂಫನಿಯನ್ನು ನುಡಿಸಿಯೇಬಿಟ್ಟರು. ಬೀದಿ ಬೀದಿಗಳಲ್ಲಿ ಧ್ವನಿವರ್ಧಕಗಳನ್ನು ಇಟ್ಟು ಊರಿಗೆಲ್ಲ ಕೇಳಿಸಿದರು. ಮುತ್ತಿದ ವೈರಿಗಳಿಗೂ ಅದು ಕೇಳಿಸಿತು. ಹಸಿದ ಊರು ಇನ್ನೂ ಬದುಕಿದೆ ಎಂದು ಆ ಸಂಗೀತ ಸಾರಿತು. ಆಗಸ್ಟ್ 9 ಎಂಬ ಈ ದಿನವನ್ನು ನೆನಪಿನಲ್ಲಿಡಿ. ಮುಂದೆ ಅದು ಮತ್ತೊಮ್ಮೆ ಬರುತ್ತದೆ.

ಯುದ್ಧ ಮುಗಿಯಿತು. ಆದರೆ ಶೋಸ್ತಾಕೋವಿಚ್ ಅವರ ಕಷ್ಟ ಮುಗಿಯಲಿಲ್ಲ. 1948ರಲ್ಲಿ ಸರಕಾರವು ಅವರ ಸಂಗೀತವನ್ನು ಮತ್ತೆ ಖಂಡಿಸಿತು. ಅಧ್ಯಾಪಕ ಹುದ್ದೆ ಹೋಯಿತು. ಚಲನಚಿತ್ರಗಳಿಗೆ ಸಂಗೀತ ಬರೆದು ಸಂಸಾರ ನಡೆಸಬೇಕಾಯಿತು. ಸಭೆಗಳಲ್ಲಿ ಬೇರೆಯವರು ಬರೆದುಕೊಟ್ಟ ಭಾಷಣಗಳನ್ನು ಓದಬೇಕಾಯಿತು. ಬಾಯಲ್ಲಿ ಬಂದ ಮಾತು ಅವರದಾಗಿರಲಿಲ್ಲ. ಅವರ ಸ್ವಂತ ಮಾತು ಸಂಗೀತದಲ್ಲಿತ್ತು.

ಆ ಮಾತನ್ನು ಹೇಳಲು ಅವರು ಹೆಚ್ಚು ಹೆಚ್ಚಾಗಿ ಕೊಠಡಿ ಸಂಗೀತವನ್ನೇ ಆರಿಸಿಕೊಂಡರು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಸೇರಿದ ನಾಲ್ವರ ವಾದನಕ್ಕೆ ಕ್ವಾರ್ಟೆಟ್ ಎನ್ನುತ್ತಾರೆ. ಅವರು ಹದಿನೈದು ಸಿಂಫನಿಗಳನ್ನು ಬರೆದಂತೆ ಹದಿನೈದು ಕ್ವಾರ್ಟೆಟ್‌ಗಳನ್ನೂ ಬರೆದರು. ಜರ್ಮನ್ ಭಾಷೆಯಲ್ಲಿ ಸ್ವರಗಳನ್ನು ಅಕ್ಷರಗಳ ಹೆಸರಿನಿಂದ ಕರೆಯುತ್ತಾರೆ. ಶೋಸ್ತಾಕೋವಿಚ್ ಅವರು ತಮ್ಮ ಹೆಸರಿನ ನಾಲ್ಕು ಅಕ್ಷರಗಳನ್ನು ಆ ರೀತಿಯಲ್ಲಿ ನಾಲ್ಕು ಸ್ವರಗಳಾಗಿ ಮಾಡಿಕೊಂಡರು. 1960ರಲ್ಲಿ ಮೂರೇ ದಿನಗಳಲ್ಲಿ ಬರೆದ ಎಂಟನೆಯ ಕ್ವಾರ್ಟೆಟ್ ಆರಂಭವಾಗುವುದು ಆ ನಾಲ್ಕು ಸ್ವರಗಳಿಂದಲೇ. ಚಿತ್ರದ ಕೆಳಗೆ ಚಿತ್ರಕಾರರು ರುಜು ಹಾಕುವಂತೆ ಅವರು ಸಂಗೀತದೊಳಗೆ ರುಜು ಹಾಕಿದರು.

ಮಾಸ್ಕೋದಲ್ಲಿ ನಾಲ್ವರು ವಾದಕರ ಒಂದು ತಂಡವಿತ್ತು. ಅದರ ಹೆಸರು ಬೀಥೋವನ್ ಕ್ವಾರ್ಟೆಟ್. ಶೋಸ್ತಾಕೋವಿಚ್ ಅವರ ಹೆಚ್ಚಿನ ಕ್ವಾರ್ಟೆಟ್‌ಗಳನ್ನು ಮೊದಲು ನುಡಿಸಿದವರು ಇವರೇ. ವರ್ಷಗಳು ಕಳೆದಂತೆ ಅವರು ಹತ್ತಿರದ ಸ್ನೇಹಿತರಾದರು. ತಂಡದಲ್ಲಿ ವಿಯೋಲಾ ನುಡಿಸುತ್ತಿದ್ದವರು ಬೊರಿಸೋವ್‌ಸ್ಕಿ. ವಯಸ್ಸಾಗಿ ಅವರು ಬಿಟ್ಟಾಗ ಅವರ ಶಿಷ್ಯ ಫ್ಯೋದರ್ ದ್ರುಜಿನಿನ್ ಗುರುಗಳ ಸ್ಥಾನಕ್ಕೆ ಬಂದರು. 1970ರಲ್ಲಿ ಶೋಸ್ತಾಕೋವಿಚ್ ಬರೆದ ಹದಿಮೂರನೆಯ ಕ್ವಾರ್ಟೆಟ್ ಬೊರಿಸೋವ್‌ಸ್ಕಿ ಅವರಿಗೆ ಅರ್ಪಿತವಾಯಿತು. ಅದರಲ್ಲಿ ವಿಯೋಲಾಕ್ಕೆ ಮುಖ್ಯ ಪಾತ್ರವಿದೆ. ಸದಾ ನಡುವಿನಲ್ಲಿ ಮರೆಯಾಗಿರುತ್ತಿದ್ದ ವಾದ್ಯವನ್ನು ಅವರು ಮುಂದಕ್ಕೆ ಕರೆದು ಮಾತನಾಡಿಸತೊಡಗಿದ್ದರು.

ಅಷ್ಟರಲ್ಲಿ ಕಾಯಿಲೆ ಅವರನ್ನು ಹಿಡಿದಿತ್ತು. 1958ರಲ್ಲಿ ಬಲಗೈ ದುರ್ಬಲವಾಗತೊಡಗಿತು. ಅದು ನರಗಳಿಗೆ ಸಂಬಂಧಿಸಿದ ಕಾಯಿಲೆ. ಪಿಯಾನೋ ನುಡಿಸಲು ಬೆರಳುಗಳು ಕೇಳಲಿಲ್ಲ. ಮೆಟ್ಟಿಲು ಹತ್ತುವುದು ಕಷ್ಟವಾಯಿತು. 1960ರಲ್ಲಿ ಮಗನ ಮದುವೆಯ ದಿನ ಬಿದ್ದು ಎಡಗಾಲು ಮುರಿಯಿತು. 1966ರ ಮೇ ತಿಂಗಳಲ್ಲಿ ಲೆನಿನ್‌ಗ್ರಾಡಿನ ಒಂದು ಕಚೇರಿಯಲ್ಲಿ ಪಿಯಾನೋ ನುಡಿಸಿದ ರಾತ್ರಿಯೇ ಹೃದಯಾಘಾತವಾಯಿತು. ಮತ್ತೆ ಅವರು ಸಭೆಯ ಮುಂದೆ ನುಡಿಸಲಿಲ್ಲ. 1967ರಲ್ಲಿ ಬಲಗಾಲೂ ಮುರಿಯಿತು. ಇಷ್ಟಾದರೂ ಅವರ ಹಾಸ್ಯ ಬುದ್ಧಿ ಕುಂದಲಿಲ್ಲ. ಎರಡು ಕಾಲು, ಒಂದು ಕೈ ಕೆಟ್ಟಾಯಿತು, ಇನ್ನು ಎಡಗೈಯೊಂದು ಕೆಡುವುದು ಬಾಕಿ ಇದೆ ಎಂಬ ಅರ್ಥದಲ್ಲಿ ಸ್ನೇಹಿತರೊಬ್ಬರಿಗೆ ತಮಾಷೆಯಾಗಿ ಪತ್ರ ಬರೆದರು.

1970ರಲ್ಲಿ ಅವರು ಕುರ್ಗಾನ್ ಎಂಬ ದೂರದ ಊರಿಗೆ ಹೋದರು. ಮುರಿದ ಮೂಳೆಗಳನ್ನು ಹೊಸ ವಿಧಾನದಿಂದ ಕೂಡಿಸುತ್ತಿದ್ದ ಪ್ರಸಿದ್ಧ ವೈದ್ಯ ಇಲಿಜರೋವ್ ಅಲ್ಲಿದ್ದರು. ಅವರ ಚಿಕಿತ್ಸೆ ಮತ್ತು ವ್ಯಾಯಾಮದಿಂದ ಕೈಗೆ ಸ್ವಲ್ಪ ಶಕ್ತಿ ಬಂತು. ಮತ್ತೆ ಪಿಯಾನೋ ಮುಟ್ಟಿದರು. ಆದರೆ ಆ ಗುಣ ಬಹಳ ಕಾಲ ಉಳಿಯಲಿಲ್ಲ. 1971ರಲ್ಲಿ ಎರಡನೆಯ ಹೃದಯಾಘಾತವಾಯಿತು. ಅನಂತರ ಶ್ವಾಸಕೋಶದ ಕ್ಯಾನ್ಸರ್ ಕೂಡ ಬಂತು. ಸ್ನೇಹಿತರೂ ಒಬ್ಬೊಬ್ಬರಾಗಿ ಅಗಲಿದರು. ಬೊರಿಸೋವ್‌ಸ್ಕಿ 1972ರಲ್ಲಿ ತೀರಿಕೊಂಡರು. 1974ರಲ್ಲಿ ಅದೇ ತಂಡದ ಚೆಲ್ಲೋ ವಾದಕರೂ ಇಲ್ಲವಾದರು.

ಈಗ 1975ರ ಬೇಸಿಗೆಗೆ ಬರೋಣ. ಶೋಸ್ತಾಕೋವಿಚ್ ಅವರಿಗೆ ಅರುವತ್ತೆಂಟು ವರ್ಷ. ಪೆನ್ನು ಹಿಡಿಯುವುದೇ ಕಷ್ಟ. ಒಂದೊಂದು ಸ್ವರದ ಚಿಹ್ನೆಯನ್ನೂ ನಡುಗುವ ಕೈಯಿಂದ ಬರೆಯಬೇಕು. ಅವರು ಆಗ ಸುಮ್ಮನೆ ವಿಶ್ರಾಂತಿ ಪಡೆಯಬಹುದಾಗಿತ್ತು. ಬರೆದದ್ದು ಸಾಕು ಎನ್ನಬಹುದಾಗಿತ್ತು. ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ಅವರ ಮನಸ್ಸಿನಲ್ಲಿ ಇನ್ನೊಂದು ಕೃತಿ ರೂಪುಗೊಂಡಿತ್ತು. ಅದು ವಿಯೋಲಾ ಮತ್ತು ಪಿಯಾನೋಗಳಿಗಾಗಿ ಒಂದು ಸೊನಾಟಾ. ಸೊನಾಟಾ ಎಂದರೆ ಒಂದೋ ಎರಡೋ ವಾದ್ಯಗಳಿಗಾಗಿ, ಹಲವು ಭಾಗಗಳಲ್ಲಿ ಬರೆದ ಕೃತಿ.

ಅವರು ದ್ರುಜಿನಿನ್ ಅವರಿಗೆ ದೂರವಾಣಿ ಕರೆ ಮಾಡಿದರು. ವಿಯೋಲಾದಲ್ಲಿ ಇಂತಿಂತಹ ಎರಡು ಸ್ವರಗಳನ್ನು ಒಟ್ಟಿಗೆ, ವೇಗವಾಗಿ ನುಡಿಸಲು ಸಾಧ್ಯವೇ ಎಂದು ವಿಚಾರಿಸಿದರು. ನೋಡಿರಿ, ಅಷ್ಟು ಹೊತ್ತಿಗೆ ಅವರು ನೂರ ನಲವತ್ತಕ್ಕೂ ಹೆಚ್ಚು ಕೃತಿಗಳನ್ನು ಬರೆದಿದ್ದರು. ಲೋಕವೆಲ್ಲ ಅವರನ್ನು ಬಲ್ಲದು. ಆದರೂ ವಾದ್ಯದ ವಿಷಯದಲ್ಲಿ ಸಂದೇಹ ಬಂದಾಗ ತಮಗಿಂತ ಕಿರಿಯರಾದ ವಾದಕರನ್ನು ಕೇಳಿ ತಿಳಿದುಕೊಳ್ಳಲು ಅವರು ಸಂಕೋಚಪಡಲಿಲ್ಲ.

ಜುಲೈ ಮೊದಲ ವಾರದಲ್ಲಿ ಕೃತಿ ಮುಗಿಯಿತು. ಕೂಡಲೇ ಅವರು ಆಸ್ಪತ್ರೆಗೆ ಸೇರಬೇಕಾಯಿತು. ಅಲ್ಲಿಯೂ ಕೃತಿಯ ಪ್ರತಿಯನ್ನು ತಿದ್ದಿದರು. ಅದನ್ನು ದ್ರುಜಿನಿನ್ ಅವರಿಗೆ ಅರ್ಪಿಸಿದರು. ಆಗಸ್ಟ್ 6ರಂದು ಸ್ವರಲಿಪಿ ದ್ರುಜಿನಿನ್ ಅವರ ಕೈ ಸೇರಿತು. ಮೂರು ದಿನಗಳ ಅನಂತರ, 1975ನೇ ಇಸವಿ ಆಗಸ್ಟ್ 9ರಂದು, ಮಾಸ್ಕೋದ ಆಸ್ಪತ್ರೆಯಲ್ಲಿ ಶೋಸ್ತಾಕೋವಿಚ್ ಕೊನೆಯುಸಿರೆಳೆದರು. ಹಸಿದ ಲೆನಿನ್‌ಗ್ರಾಡಿನಲ್ಲಿ ಏಳನೆಯ ಸಿಂಫನಿಯನ್ನು ನುಡಿಸಿ ಅಂದಿಗೆ ಸರಿಯಾಗಿ ಮೂವತ್ತಮೂರು ವರ್ಷಗಳಾಗಿದ್ದವು. ತಮ್ಮ ಕೊನೆಯ ಕೃತಿಯನ್ನು ವಾದ್ಯದಲ್ಲಿ ಅವರು ಒಮ್ಮೆಯೂ ಕೇಳಲಿಲ್ಲ. ಅವರು ಅದನ್ನು ಕೇಳಿದ್ದು ಮನಸ್ಸಿನಲ್ಲಿ ಮಾತ್ರ.

ಆ ಕೃತಿ ಹೇಗಿದೆ? ಅದರಲ್ಲಿ ಮೂರು ಭಾಗಗಳಿವೆ. ಮೊದಲ ಭಾಗ ವಿಯೋಲಾ ಒಂದರಿಂದಲೇ ಆರಂಭವಾಗುತ್ತದೆ. ಕಮಾನನ್ನು ಬಳಸದೆ ಬೆರಳಿನಿಂದ ತಂತಿಗಳನ್ನು ಮೀಟುತ್ತಾರೆ. ಖಾಲಿ ಮನೆಯಲ್ಲಿ ಯಾರೋ ಒಬ್ಬರೇ ಹೆಜ್ಜೆ ಹಾಕಿದಂತೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪಿಯಾನೋ ಬಂದು ಸೇರುತ್ತದೆ. ಎರಡನೆಯ ಭಾಗದಲ್ಲಿ ಕುಣಿತವಿದೆ, ಕುಚೋದ್ಯವಿದೆ. 1942ರಲ್ಲಿ ಅವರು ಅರ್ಧಕ್ಕೆ ಬಿಟ್ಟಿದ್ದ ಒಂದು ಹಾಸ್ಯ ಸಂಗೀತ ನಾಟಕದ ಸ್ವರಗಳನ್ನು ಇಲ್ಲಿ ಮತ್ತೆ ಬಳಸಿಕೊಂಡಿದ್ದಾರೆ. ಮೂವತ್ತಮೂರು ವರ್ಷ ಪೆಟ್ಟಿಗೆಯಲ್ಲಿದ್ದ ಬೀಜ ಕೊನೆಗೆ ಮೊಳಕೆಯೊಡೆಯಿತು.

ಮೂರನೆಯ ಭಾಗ ಬಹಳ ನಿಧಾನವಾದದ್ದು. ಇಡೀ ಕೃತಿಯ ಅರ್ಧದಷ್ಟು ಅದೇ ಇದೆ. ಅದರಲ್ಲಿ ಬೀಥೋವನ್ ಅವರ ನೆನಪಿದೆ. ಬೀಥೋವನ್ ಜರ್ಮನಿಯಲ್ಲಿ ಹುಟ್ಟಿದ ಮಹಾನ್ ರಚನಕಾರರು. ಅವರು 1801ರಲ್ಲಿ ಪಿಯಾನೋಗಾಗಿ ಒಂದು ಸೊನಾಟಾ ಬರೆದರು. ಜನ ಅದನ್ನು ಬೆಳದಿಂಗಳ ಸೊನಾಟಾ ಎಂದು ಕರೆಯುತ್ತಾರೆ. ಆಗಲೇ ಅವರ ಕಿವಿ ಕೇಳಿಸದಾಗತೊಡಗಿತ್ತು. ಆದರೂ ಅವರು ಬರೆಯುತ್ತಲೇ ಹೋದರು. ಆ ಸೊನಾಟಾದ ಅಲೆಯಂತಹ ಸ್ವರಗಳು ಶೋಸ್ತಾಕೋವಿಚ್ ಅವರ ಮೂರನೆಯ ಭಾಗದಲ್ಲಿ ಮತ್ತೆ ಮತ್ತೆ ಇಣುಕುತ್ತವೆ. ಕಿವಿ ಕಳೆದುಕೊಂಡವರನ್ನು ಕೈ ಕಳೆದುಕೊಂಡವರು ನೆನೆದರು ಎನ್ನಬಹುದು. ಕೊನೆಗೆ ವಿಯೋಲಾದ ಧ್ವನಿ ಸಣ್ಣದಾಗುತ್ತಾ, ಒಂದು ದೀರ್ಘ ಸ್ವರದಲ್ಲಿ ನಿಂತು, ಮೌನದಲ್ಲಿ ಸೇರಿಹೋಗುತ್ತದೆ. ಅದರಲ್ಲಿ ಅಳುವಿಲ್ಲ, ಕೂಗಾಟವಿಲ್ಲ. ಸಂಜೆಯಾಗಿ ಬೆಳಕು ಮೆಲ್ಲನೆ ಇಳಿದಂತೆ ಅದು ಮುಗಿಯುತ್ತದೆ.

ಸೆಪ್ಟೆಂಬರ್ 25 ಶೋಸ್ತಾಕೋವಿಚ್ ಅವರ ಹುಟ್ಟಿದ ದಿನ. ಬದುಕಿದ್ದರೆ ಅಂದು ಅವರಿಗೆ ಅರುವತ್ತೊಂಬತ್ತು ತುಂಬುತ್ತಿತ್ತು. ಆ ದಿನ ಅವರ ಮನೆಯಲ್ಲಿ ಆಪ್ತರ ಮುಂದೆ ದ್ರುಜಿನಿನ್ ಅವರು ಈ ಸೊನಾಟಾವನ್ನು ನುಡಿಸಿದರು. ಪಿಯಾನೋ ನುಡಿಸಿದವರು ಮಿಖಾಯಿಲ್ ಮುಂತ್ಯಾನ್. ಅನಂತರ ಅಕ್ಟೋಬರ್ 1ರಂದು ಲೆನಿನ್‌ಗ್ರಾಡಿನ ಒಂದು ಚಿಕ್ಕ ಸಭಾಂಗಣದಲ್ಲಿ ಸಾರ್ವಜನಿಕರ ಮುಂದೆ ನುಡಿಸಿದರು. ಸಭಾಂಗಣ ಕಿಕ್ಕಿರಿದು ತುಂಬಿತ್ತು. ವಾದನ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಗ ದ್ರುಜಿನಿನ್ ಅವರು ಸ್ವರಲಿಪಿಯ ಪುಸ್ತಕವನ್ನು ತಮ್ಮ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದರು. ಚಪ್ಪಾಳೆ ತನಗಲ್ಲ, ಇದನ್ನು ಬರೆದವರಿಗೆ ಎಂದು ಅವರು ಹಾಗೆ ಮಾಡಿದರು.

ಮಕ್ಕಳೇ, ಶೋಸ್ತಾಕೋವಿಚ್ ಅವರ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು, ನೂರು ಜನ ಸೇರಿ ನುಡಿಸಿದ, ಊರಿಗೆ ಊರೇ ಕೇಳಿದ ಏಳನೆಯ ಸಿಂಫನಿ. ಇನ್ನೊಂದು, ಇಬ್ಬರೇ ನುಡಿಸುವ, ಮೌನದಲ್ಲಿ ಮುಗಿಯುವ ಈ ಸೊನಾಟಾ. ಮೊದಲನೆಯದು ಒಂದು ನಗರಕ್ಕೆ ಧೈರ್ಯ ಕೊಟ್ಟಿತು. ಎರಡನೆಯದು ಒಬ್ಬೊಬ್ಬ ಮನುಷ್ಯನ ಬಳಿ ಬಂದು ಕುಳಿತು ಮೆಲ್ಲನೆ ಮಾತನಾಡುತ್ತದೆ. ಗಟ್ಟಿಯಾಗಿ ಹೇಳಬೇಕಾದ ಮಾತುಗಳೂ ಇವೆ, ಮೆಲ್ಲನೆ ಹೇಳಬೇಕಾದ ಮಾತುಗಳೂ ಇವೆ. ತಮ್ಮ ಕೊನೆಯ ಮಾತನ್ನು ಹೇಳಲು ಅವರು ಕಹಳೆಯನ್ನು ಆರಿಸಲಿಲ್ಲ. ಯಾರೂ ಹೆಚ್ಚು ಗಮನಿಸದ ವಿಯೋಲಾವನ್ನು ಆರಿಸಿದರು.

ಮಾಸ್ಕೋದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರಿನ ಆ ನಾಲ್ಕು ಸ್ವರಗಳನ್ನು ಕೆತ್ತಿದ್ದಾರೆ. ವಿಯೋಲಾ ಕಲಿಯುವ ವಿದ್ಯಾರ್ಥಿಗಳು ಇಂದು ಅನೇಕ ದೇಶಗಳಲ್ಲಿ ಈ ಸೊನಾಟಾವನ್ನು ಅಭ್ಯಾಸ ಮಾಡುತ್ತಾರೆ. ದುರ್ಬಲವಾದ ಕೈಯೊಂದು ಬಿಡದೆ ಬರೆದ ಸ್ವರಗಳು ಈಗ ಸಾವಿರಾರು ಗಟ್ಟಿ ಕೈಗಳಲ್ಲಿ ನುಡಿಯುತ್ತಿವೆ. ನಿಮಗೆ ಅವಕಾಶ ಸಿಕ್ಕಿದಾಗ ಅದನ್ನು ಕೇಳಿರಿ. ಮೊದಲ ಸಲ ಅರ್ಥವಾಗದಿದ್ದರೆ ಬೇಸರಪಡಬೇಡಿ. ಓಣಿಯಲ್ಲಿ ಕುಳಿತು ಕೇಳಿದ ಆ ಬಾಲಕನಂತೆ ಸುಮ್ಮನೆ ಕುಳಿತು ಕೇಳಿರಿ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ವಿಯೋಲಾಕ್ಕೂ ಪಿಟೀಲಿಗೂ ಇರುವ ವ್ಯತ್ಯಾಸವೇನು?
2. ಬಾಲಕ ದಿಮಿತ್ರಿ ಓಣಿಯಲ್ಲಿ ಏಕೆ ಕುಳಿತುಕೊಳ್ಳುತ್ತಿದ್ದನು?
3. ತಂದೆ ತೀರಿಕೊಂಡ ಮೇಲೆ ದಿಮಿತ್ರಿ ಮನೆಗೆ ಹೇಗೆ ನೆರವಾದನು?
4. ನಾಲ್ಕನೆಯ ಸಿಂಫನಿ ಜನರಿಗೆ ಕೇಳಲು ಸಿಕ್ಕಿದ್ದು ಯಾವಾಗ?
5. ಕೊನೆಯ ಸೊನಾಟಾವನ್ನು ಶೋಸ್ತಾಕೋವಿಚ್ ಯಾರಿಗೆ ಅರ್ಪಿಸಿದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮುತ್ತಿಗೆಗೆ ಒಳಗಾದ ಲೆನಿನ್‌ಗ್ರಾಡಿನಲ್ಲಿ ಏಳನೆಯ ಸಿಂಫನಿಯನ್ನು ನುಡಿಸಲು ಏನೇನು ಕಷ್ಟಗಳಿದ್ದವು?
2. ರಚನಕಾರರಿಗೆ ಬರೆಯುವ ಕೈ ಏಕೆ ಮುಖ್ಯ?
3. ದ್ರುಜಿನಿನ್ ಅವರು ಸ್ವರಲಿಪಿಯನ್ನು ತಲೆಯ ಮೇಲೆತ್ತಿ ಹಿಡಿದದ್ದು ಏಕೆ? ಇದರಿಂದ ಅವರ ಯಾವ ಗುಣ ತಿಳಿಯುತ್ತದೆ?

ಇ. ಯೋಚಿಸಿ ಹೇಳಿರಿ.
ಆಗಸ್ಟ್ 9 ಶೋಸ್ತಾಕೋವಿಚ್ ಅವರ ಬಾಳಿನಲ್ಲಿ ಎರಡು ಸಲ ಬರುತ್ತದೆ. ಆ ಎರಡು ದಿನಗಳನ್ನು ಹೋಲಿಸಿ ಟಿಪ್ಪಣಿ ತಯಾರಿಸಿರಿ.

ಈ. ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಬೆರಗಾಗು, ಗಡೀಪಾರು, ಸಂಕೋಚಪಡು, ಕಿಕ್ಕಿರಿದು, ಮೊಳಕೆಯೊಡೆ

ಉ. ಚಟುವಟಿಕೆ
1. ನಿಮ್ಮ ಊರಿನಲ್ಲಿ ಪಿಟೀಲು, ನಾಗಸ್ವರ, ಚೆಂಡೆ, ತಬಲ ಮೊದಲಾದ ವಾದ್ಯಗಳನ್ನು ನುಡಿಸುವವರಿದ್ದರೆ ಭೇಟಿಯಾಗಿರಿ. ಅವರು ಹೇಗೆ ಕಲಿತರು ಎಂದು ಕೇಳಿ ಬರೆಯಿರಿ.
2. ಸ, ರಿ, ಗ, ಮ, ಪ, ದ, ನಿ ಎಂಬ ಸ್ವರಗಳಲ್ಲಿ ನಿಮ್ಮ ಹೆಸರಿನ ಅಕ್ಷರಗಳು ಯಾವುದಾದರೂ ಇವೆಯೇ? ಅವುಗಳನ್ನು ಜೋಡಿಸಿ ಹಾಡಿ ನೋಡಿರಿ.